ಸೊಂಟದಲ್ಲಿ ಪಿಸ್ತೂಲು, ಕಿಟಕಿಯಲ್ಲಿ ಪೊಲೀಸ್

ಡಾಲಸ್ ಸುತ್ತಮುತ್ತಲಿನ ನಮ್ಮ ಜನಕ್ಕೆ ನಾನು ವಾರಾಂತ್ಯದಲ್ಲಿ ಪಿಸ್ತೂಲು ತರಬೇತಿ ಕೊಡುತ್ತೇನೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸ. ಜೊತೆಗೆ ಟೆಕ್ಸಸ್ ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಯ ಮಾನ್ಯತೆ ಪಡೆದ ಬೋಧಕ. ತರಗತಿಗೆ ಬಂದವರು ಮೊದಲು ಕೇಳುವುದು ಯಾವ ಕಂಪನಿಯ ಗನ್ ತಗೊಳ್ಳಲಿ ಅಂತ. ಅದು ಸೊಂಟದಲ್ಲಿದ್ದಾಗ ಪೊಲೀಸರು ನನ್ನನ್ನು ಹೇಗೆ ನೋಡ್ತಾರೆ ಅಂತ ಕೇಳುವವರು ಕಡಿಮೆ. ನನ್ನ ಲೆಕ್ಕದಲ್ಲಿ ಅದೇ ಮೊದಲ ಪ್ರಶ್ನೆಯಾಗಬೇಕು. ಅಂಗಿಯ ಕೆಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡುವವರಿಗೆ ಜೀವಮಾನದಲ್ಲಿ ಒಬ್ಬ ಕಳ್ಳನೂ ಎದುರಾಗದಿರಬಹುದು. ಹೈವೇಯಲ್ಲಿ ಪೊಲೀಸ್ ಎದುರಾಗದೇ ಇರುವುದಿಲ್ಲ.

2023ರ ಮೇ 6ರಂದು ಡಾಲಸ್ ಪಕ್ಕದ ಆಲೆನ್ ಊರಿನ ಮಾಲ್‌ನಲ್ಲಿ ಗುಂಡಿನ ದಾಳಿಯಾಗಿ ಎಂಟು ಜನ ಸತ್ತರು. ಅವರಲ್ಲಿ ತೆಲುಗು ಕುಟುಂಬದ ಯುವ ಎಂಜಿನಿಯರ್ ಒಬ್ಬಳಿದ್ದಳು. ನಾವೆಲ್ಲ ಶನಿವಾರ ಬಟ್ಟೆ ಕೊಳ್ಳಲು ಹೋಗುವ ಜಾಗ ಅದು. ಆಮೇಲೆ ನನಗೆ ಫೋನ್ ಮಾಡುವ ಕನ್ನಡಿಗರು ಹೆಚ್ಚಾದರು. ಅವರಿಗೆ ಮೊದಲು ಹೇಳುವ ಮಾತು ಒಂದೇ: ನೀವು ಕೆಲಸದ ಎಚ್-1ಬಿ ಅಥವಾ ಓದಿನ ಎಫ್-1 ವೀಸಾದಲ್ಲಿದ್ದರೆ, ತೀರಾ ಸೀಮಿತ ವಿನಾಯಿತಿ ಬಿಟ್ಟರೆ, ಗನ್ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಬಂದ ಮೇಲೆ ಮಾತಾಡೋಣ.

ಪೊಲೀಸರ ಮನಸ್ಸು ತಿಳಿಯಲು ನಾನು ಹಿಡಿದ ದಾರಿ ಸರಳ. ಇಲ್ಲಿನ ಬಹಳಷ್ಟು ಊರುಗಳ ಪೊಲೀಸ್ ಇಲಾಖೆಗಳು ನಾಗರಿಕರಿಗಾಗಿ ಉಚಿತ ಸಂಜೆ ತರಗತಿ ನಡೆಸುತ್ತವೆ. ಅದಕ್ಕೆ ಸೇರಿದೆ. ಕೊನೆಗೆ ಗಸ್ತಿನ ಕಾರಿನಲ್ಲಿ ಜೊತೆಗೆ ಕೂರುವ ಅವಕಾಶ ಕೊಡುತ್ತಾರೆ. ಆ ರಾತ್ರಿ ನೋಡಿದ್ದೇ ನನ್ನ ಪಾಠದ ಅಡಿಪಾಯ.

ಹಿಂದಿನ ದೀಪ ಕೆಟ್ಟಿದ್ದ ಒಂದು ಪಿಕಪ್ ಅನ್ನು ಆಫೀಸರ್ ನಿಲ್ಲಿಸಿದರು. ಸ್ಪಾಟ್‌ಲೈಟ್ ನೇರವಾಗಿ ಅದರ ಕನ್ನಡಿಗೆ ಬಿಟ್ಟು ಇಳಿದರು. ಹಿಂಬದಿಯನ್ನು ಅಂಗೈಯಿಂದ ಒಮ್ಮೆ ಮುಟ್ಟಿ, ಚಾಲಕನ ಬಾಗಿಲಿನ ಹಿಂದಿನ ಕಂಬದ ಬಳಿಯೇ ನಿಂತರು, ಮುಂದಕ್ಕೆ ಹೋಗಲಿಲ್ಲ. ಅಲ್ಲಿಂದ ಅವರಿಗೆ ಚಾಲಕನ ಮುಖ ಸರಿಯಾಗಿ ಕಾಣುವುದಿಲ್ಲ, ಕಾಣುವುದು ಮಡಿಲು ಮತ್ತು ಕೈ. ವಾಪಸ್ ಬಂದ ಮೇಲೆ ಪಿಸ್ತೂಲು ಒಯ್ಯುವ ಲೈಸೆನ್ಸ್ ಇರುವವರ ಬಗ್ಗೆ ನಿಮ್ಮ ಅಭಿಪ್ರಾಯವೇನು ಅಂತ ಕೇಳಿದೆ. ಲೈಸೆನ್ಸ್ ಇದ್ದರೆ ಬೆರಳಚ್ಚು ಕೊಟ್ಟು, ಹಿನ್ನೆಲೆ ತನಿಖೆ ದಾಟಿ ಬಂದವರು ಅಂತ ಗೊತ್ತಾಗುತ್ತದೆ, ಅಂಥವರಿಂದ ತನಗೆ ತೊಂದರೆ ಆಗಿಲ್ಲ ಅಂದರು. ಆದರೆ ನಂಬಿಕೆಯೆಲ್ಲ ಕಾಗದ ನೋಡಿದ ಮೇಲಿನ ಮಾತು, ಮೊದಲ ಕ್ಷಣದಲ್ಲಿ ತಾನು ನೋಡುವುದು ಕೈ ಮಾತ್ರ ಅಂತಲೂ ಸೇರಿಸಿದರು.

ನಮ್ಮವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಬೆಂಗಳೂರಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದರೆ ನಾವು ಗಾಡಿ ಬದಿಗೆ ಹಾಕಿ, ಇಳಿದು, ಡಾಕ್ಯುಮೆಂಟ್ ಹಿಡಿದು ಅವರ ಹತ್ತಿರ ಹೋಗುತ್ತೇವೆ. ಅದೇ ಮರ್ಯಾದೆ. ಟೆಕ್ಸಸ್‌ನಲ್ಲಿ ಹಾಗೆ ಬಾಗಿಲು ತೆಗೆದು ಇಳಿದು ಪೊಲೀಸ್ ಕಾರಿನ ಕಡೆ ನಡೆದರೆ ಅದು ದಾಳಿಯ ಸೂಚನೆಯಂತೆ ಕಾಣುತ್ತದೆ. ಅಂಗಿ ಗಾಳಿಗೆ ಸರಿದು ಹೋಲ್ಸ್ಟರ್ (ಪಿಸ್ತೂಲು ಇಡುವ ಚೀಲ) ಕಂಡರಂತೂ ಮುಗಿಯಿತು. ಆಫೀಸರ್ ಹೇಳುವವರೆಗೆ ಕಾರಿನಲ್ಲೇ ಕೂತಿರಬೇಕು. ಇಪ್ಪತ್ತು ವರ್ಷ ಅಲ್ಲಿ ಗಾಡಿ ಓಡಿಸಿದವರಿಗೆ ಈ ಅಭ್ಯಾಸ ಬಿಡಿಸುವುದು ಗುರಿ ಇಟ್ಟು ಹೊಡೆಯುವುದನ್ನು ಕಲಿಸುವುದಕ್ಕಿಂತ ಕಷ್ಟ.

ನನ್ನನ್ನೇ ನಿಲ್ಲಿಸಿದ್ದು ಹೇಳುತ್ತೇನೆ. ಮೈಸೂರಿನಿಂದ ಬಂದಿದ್ದ ಅಮ್ಮನನ್ನು ದೇವಸ್ಥಾನದಿಂದ ಕರೆದುಕೊಂಡು ಬರುತ್ತಿದ್ದೆ, ಕತ್ತಲಾಗಿತ್ತು, ವೇಗ ಮಿತಿ ದಾಟಿತ್ತು. (ದೇವಸ್ಥಾನದೊಳಗೆ ಹೋಗುವಾಗ ಪಿಸ್ತೂಲು ಕಾರಿನ ಲಾಕರ್‌ನಲ್ಲಿತ್ತು, ಹೊರಟ ಮೇಲೆ ಮತ್ತೆ ಸೊಂಟಕ್ಕೆ.) ಹಿಂದೆ ಕೆಂಪು, ನೀಲಿ ದೀಪ ಕಂಡ ಕೂಡಲೇ ಬಲಕ್ಕೆ ತೆಗೆದುಕೊಂಡು ನಿಲ್ಲಿಸಿ, ಎಂಜಿನ್ ಆರಿಸಿ, ಒಳಗಿನ ದೀಪ ಹಾಕಿದೆ. ನಾಲ್ಕೂ ಕಿಟಕಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟೆ. ಪಕ್ಕದಲ್ಲಿ ಅಮ್ಮ ಗಾಬರಿಯಿಂದ ಪಾಸ್‌ಪೋರ್ಟ್ ತೆಗೆಯಲು ಬ್ಯಾಗಿಗೆ ಕೈ ಹಾಕಿದಳು.

"ಅಮ್ಮ, ಬ್ಯಾಗ್ ಮುಟ್ಬೇಡ. ಕೈ ಮಡಿಲ ಮೇಲೇ ಇರ್ಲಿ."

"ಅವ್ರು ಕೇಳಿದ್ರೆ ಏನಪ್ಪಾ ಮಾಡ್ಲಿ?"

"ಕೇಳಿದ್ರೆ ನಾನು ಹೇಳ್ತೀನಿ, ಆಗ ತೆಗಿ."

ಆಫೀಸರ್ ಬಂದು ಡ್ರೈವಿಂಗ್ ಲೈಸೆನ್ಸ್ ಕೇಳಿದರು. ಕೈ ಅಲುಗಿಸದೆ ಹೇಳಿದೆ: "ಸರ್, ನನ್ನ ಬಳಿ ರಾಜ್ಯ ಕೊಟ್ಟ ಕ್ಯಾರಿ ಲೈಸೆನ್ಸ್ ಇದೆ, ಆಯುಧ ಈಗ ನನ್ನ ಬಲ ಸೊಂಟದಲ್ಲಿದೆ. ಪರ್ಸ್ ಎಡ ಜೇಬಲ್ಲಿದೆ. ಹೇಗೆ ತೆಗೀಲಿ ಹೇಳಿ." ವಾಕ್ಯದಲ್ಲಿ ಲೈಸೆನ್ಸ್ ಮೊದಲು ಬರಬೇಕು, 'ಗನ್' ಅಂತ ಶುರುಮಾಡಬಾರದು. ಅವರು ಕೇಳಿಸಿಕೊಂಡು, ನೀನು ಅದನ್ನು ಮುಟ್ಟಬೇಡ, ನಾನೂ ನನ್ನದನ್ನು ಮುಟ್ಟುವುದಿಲ್ಲ ಅಂದರು. ಅದು ಇಲ್ಲಿನ ಪೊಲೀಸರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತು. ಎಡಗೈಯಿಂದ ನಿಧಾನವಾಗಿ ಎರಡೂ ಕಾರ್ಡ್ ಕೊಟ್ಟೆ. ಎಚ್ಚರಿಕೆ ಕೊಟ್ಟು ಕಳಿಸಿದರು. ಎಲ್ಲರೂ ಹೀಗೇ ಇರುವುದಿಲ್ಲ. ತನ್ನ ರಕ್ಷಣೆಗೆ ಅಗತ್ಯ ಅನ್ನಿಸಿದರೆ ಆಯುಧವನ್ನು ತೆಗೆದಿಟ್ಟುಕೊಳ್ಳುವ ಅಧಿಕಾರ ಟೆಕ್ಸಸ್ ಕಾನೂನು ಆಫೀಸರ್‌ಗೆ ಕೊಟ್ಟಿದೆ. ಅಪಾಯವಿಲ್ಲ ಅಂತಾದರೆ ಬಿಟ್ಟು ಕಳಿಸುವ ಮುಂಚೆ ವಾಪಸ್ ಕೊಡಬೇಕು. ಆಗ ವಾದ ಬೇಡ. ಬೇರೆ ರಾಜ್ಯಕ್ಕೆ ಹೋದರೆ ನಿಯಮವೂ ಬೇರೆ: ಟೆಕ್ಸಸ್‌ನಲ್ಲಿ ಲೈಸೆನ್ಸ್ ಇರುವವರು ಗುರುತಿನ ಚೀಟಿ ಕೇಳಿದಾಗ ಅದನ್ನೂ ತೋರಿಸಬೇಕು, ಮಿಶಿಗನ್‌ನಲ್ಲಿ ನಿಲ್ಲಿಸಿದ ತಕ್ಷಣ ಆಯುಧ ಇದೆ ಅಂತ ನಾವೇ ಹೇಳಬೇಕು.

ಪೊಲೀಸರೆಲ್ಲ ಒಂದೇ ಮಾತು ಆಡುವುದಿಲ್ಲ ಅನ್ನುವುದೂ ಗೊತ್ತಿರಲಿ. 2013ರಲ್ಲಿ ಪೊಲೀಸ್‌ಒನ್ ಎಂಬ ಸಂಸ್ಥೆ 15 ಸಾವಿರಕ್ಕೂ ಹೆಚ್ಚು ಪೊಲೀಸರನ್ನು ಕೇಳಿತ್ತು. ಗಂಭೀರ ಅಪರಾಧದ ಶಿಕ್ಷೆ ಅಥವಾ ಮಾನಸಿಕ ಅಸ್ವಸ್ಥತೆ ಇಲ್ಲದ ನಾಗರಿಕರು ಗನ್ ಮರೆಮಾಡಿ ಒಯ್ಯುವುದಕ್ಕೆ ಶೇ. 91ರಷ್ಟು ಜನ ಒಪ್ಪಿದ್ದರು. ಉತ್ತರಿಸಿದವರು ಸ್ವಇಚ್ಛೆಯಿಂದ ಉತ್ತರಿಸಿದವರು, ಆದ್ದರಿಂದ ಆ ಅಂಕಿಯನ್ನು ಇಡೀ ದೇಶದ ಪೊಲೀಸರ ಅಭಿಪ್ರಾಯ ಅಂತ ನಾನು ಹೇಳುವುದಿಲ್ಲ. ಆದರೆ ಗಸ್ತಿನವರ ಜೊತೆ ಮಾತಾಡಿದಾಗ ನನಗೆ ಸಿಕ್ಕ ಒಲವೂ ಅದೇ. ದೊಡ್ಡ ನಗರಗಳ ಮುಖ್ಯಸ್ಥರ ಧಾಟಿ ಬೇರೆ. 2021ರಲ್ಲಿ ಲೈಸೆನ್ಸ್ ಇಲ್ಲದೆಯೇ ಕೈಬಂದೂಕು ಒಯ್ಯಬಹುದೆನ್ನುವ ಮಸೂದೆ ಬಂದಾಗ ಡಾಲಸ್ ಪೊಲೀಸ್ ಮುಖ್ಯಸ್ಥರಾಗಿದ್ದ ಎಡ್ಡಿ ಗಾರ್ಸಿಯಾ ಬಹಿರಂಗವಾಗಿ ವಿರೋಧಿಸಿದರು. ಆದರೂ ಅದು ಕಾನೂನಾಗಿ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ನಾನು ಮುಖ್ಯಸ್ಥರ ಪಕ್ಷ. ಲೈಸೆನ್ಸ್‌ಗೆ ಬೇಕಾದದ್ದು ನಾಲ್ಕರಿಂದ ಆರು ಗಂಟೆ ಪಾಠ, ಲಿಖಿತ ಪರೀಕ್ಷೆ, 3, 7 ಮತ್ತು 15 ಗಜದಿಂದ 50 ಗುಂಡು, 250ಕ್ಕೆ 175 ಅಂಕ. ಇಷ್ಟೂ ಬೇಡ ಅಂದರೆ, ಕಿಟಕಿಯ ಬಳಿ ನಿಂತ ಆಫೀಸರ್ ಯಾವ ಭರವಸೆಯ ಮೇಲೆ ನಿಲ್ಲಬೇಕು?

ಇಷ್ಟು ಹೇಳಿದ ಮೇಲೆ ಫಿಲಾಂಡೊ ಕ್ಯಾಸ್ಟಿಲ್ ಹೆಸರು ಎತ್ತದೆ ಪಾಠ ಮುಗಿಸುವುದಿಲ್ಲ. 2016ರ ಜುಲೈ 6, ಮಿನೆಸೋಟಾ. ಪರ್ಮಿಟ್ ಇದ್ದ ಕಪ್ಪು ವರ್ಣದ ಯುವಕ. ತನ್ನ ಬಳಿ ಆಯುಧ ಇದೆ ಅಂತ ಮರ್ಯಾದೆಯಿಂದಲೇ ಆಫೀಸರ್‌ಗೆ ಹೇಳಿದ. ಕೆಲವೇ ಸೆಕೆಂಡುಗಳಲ್ಲಿ ಆಫೀಸರ್ ಏಳು ಗುಂಡು ಹಾರಿಸಿದ, ಕ್ಯಾಸ್ಟಿಲ್ ಸತ್ತ. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗು ಕೂತಿತ್ತು. ಮರುವರ್ಷ ನ್ಯಾಯಮಂಡಲಿ ಆಫೀಸರ್‌ನನ್ನು ಖುಲಾಸೆ ಮಾಡಿತು. ಕ್ಯಾಸ್ಟಿಲ್ ತಪ್ಪು ಮಾಡಿದ ಅಂತ ನಾನು ಯಾರಿಗೂ ಕಲಿಸುವುದಿಲ್ಲ. ಪೊಲೀಸರ ಭಯ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ, ಕಂದು ಚರ್ಮದ, ಗಡ್ಡದ, ಬೇರೆ ಉಚ್ಚಾರಣೆಯ ನಾವು ಅದನ್ನು ತಿಳಿದೇ ಪಿಸ್ತೂಲು ಕಟ್ಟಿಕೊಳ್ಳಬೇಕು. ಬೇಡ ಅನ್ನಿಸಿದರೆ ಬಿಡುವುದೂ ಬುದ್ಧಿವಂತಿಕೆಯೇ. ಪಾಠ ಕೇಳಿ ಹಾಗೆ ಬಿಟ್ಟವರಿದ್ದಾರೆ, ಅವರ ಮೇಲೆ ನನಗೆ ಗೌರವವಿದೆ.

ಕೊಲರಾಡೋದ ಅರ್ವಾಡಾದಲ್ಲಿ 2021ರ ಜೂನ್‌ನಲ್ಲಿ ಜಾನಿ ಹರ್ಲಿ ಎಂಬಾತ ಪೊಲೀಸ್ ಅಧಿಕಾರಿಯನ್ನು ಕೊಂದ ಹಂತಕನನ್ನು ತನ್ನ ಪಿಸ್ತೂಲಿನಿಂದ ಹೊಡೆದು ಕೆಡವಿದ. ಹಂತಕನ ರೈಫಲ್ ಎತ್ತಿಕೊಂಡು ನಿಂತಿದ್ದಾಗ ಆಮೇಲೆ ಬಂದ ಪೊಲೀಸ್ ಅವನನ್ನೇ ಹಂತಕ ಅಂತ ತಿಳಿದು ಗುಂಡು ಹೊಡೆದು ಕೊಂದರು. ಅಲ್ಲಿ ಲೈಸೆನ್ಸ್ ತೋರಿಸಲು ಸಮಯವೇ ಇರುವುದಿಲ್ಲ. ಅದಕ್ಕೇ ಹೇಳುತ್ತೇನೆ: ಗುಂಡಿನ ಸದ್ದು ನಿಂತ ಕೂಡಲೇ ಪಿಸ್ತೂಲು ಹೋಲ್ಸ್ಟರ್‌ಗೆ ಹೋಗಬೇಕು, ಬೇರೆಯವರ ಆಯುಧ ಮುಟ್ಟಬಾರದು, ಖಾಲಿ ಕೈ ಎತ್ತಿ ಹಿಡಿಯಬೇಕು, ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದವರು ನಮ್ಮ ಬಟ್ಟೆಯ ಬಣ್ಣ ಹೇಳಬೇಕು.

ತರಗತಿಯ ಕೊನೆಯ ಒಂದು ಗಂಟೆ ನಾವು ಪಾರ್ಕಿಂಗ್ ಜಾಗದಲ್ಲಿ ಕಳೆಯುತ್ತೇವೆ. ಒಬ್ಬರು ಚಾಲಕ, ಒಬ್ಬರು ಆಫೀಸರ್, ಸೊಂಟದಲ್ಲಿ ಪ್ಲಾಸ್ಟಿಕ್ ಪಿಸ್ತೂಲು. ಆಮೇಲೆ ಪಾತ್ರ ಬದಲಾಯಿಸುತ್ತೇವೆ. ಟಾರ್ಚ್ ಹಿಡಿದು ಕಿಟಕಿಯ ಬಳಿ ಹೋದವರು ತಾವೇ "ಕೈ ಎಲ್ಲಿ, ಕೈ ತೋರಿಸಿ" ಅಂತ ಕೂಗುತ್ತಾರೆ. ಗಂಡ ಮಾತ್ರ ಕಲಿತರೆ ಸಾಲದು, ಹೆಂಡತಿ, ಓಡಿಸುವ ವಯಸ್ಸಿನ ಮಕ್ಕಳು, ಊರಿಂದ ಬಂದ ತಂದೆತಾಯಿ ಎಲ್ಲರನ್ನೂ ಕರೆತನ್ನಿ ಅನ್ನುತ್ತೇನೆ. ಅವರಿಗೆ ಶುಲ್ಕ ಇಲ್ಲ.