ಕಷ್ಟ ಒಟ್ಟಿಗೇ ಮೈಮೇಲೆ ಬಿದ್ದಾಗ ಪ್ರಾರ್ಥನೆ ಎಲ್ಲಿಂದ ಶುರು ಮಾಡೋದು

ತೀರ್ಥಹಳ್ಳಿ ಕಡೆ ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದ ವರ್ಷನೇ ಅಪ್ಪಂಗೆ ಸ್ಟ್ರೋಕ್ ಆಯ್ತು, ಶಿವಮೊಗ್ಗದ ಆಸ್ಪತ್ರೆಲಿ 18 ದಿನ ಇದ್ವಿ, ಸಾಲದ ಕಂತು ಬೇರೆ ಕಟ್ಟೋದಿತ್ತು. ನೋಡೋಕೆ ಬಂದೋರೆಲ್ಲ ಧೈರ್ಯ ತಗೊ, ದೇವ್ರಿದಾನೆ ಅಂತಿದ್ರು. ಧೈರ್ಯ ತಗೊಳ್ಳೋದು ಹೇಗೆ ಅಂತ ಮಾತ್ರ ಯಾರೂ ಹೇಳ್ಲಿಲ್ಲ. ನಂಗೆ ಅದನ್ನ ಕಲಿಸಿದ್ದು ಬೈಬಲ್‌ನ ಒಂದೇ ಅಧ್ಯಾಯ, ಪೂರ್ವಕಾಲವೃತ್ತಾಂತ ಎರಡನೇ ಪುಸ್ತಕದ 20ನೇದು. ಈಗ ಅಂಥದ್ರಲ್ಲಿ ಸಿಕ್ಕೊಂಡಿರೋರಿಗೆ ಅಂತ ಇದನ್ನ ಬರೀತಿದೀನಿ.

ಯೆಹೋಷಾಫಾಟ ಯೆಹೂದದ ರಾಜ. ಮೋವಾಬ್ಯರು, ಅಮ್ಮೋನಿಯರು ಎಲ್ಲ ಸೇರಿ ದೊಡ್ಡ ದಂಡು ಕಟ್ಕೊಂಡು ಬರ್ತಿದಾರೆ, ಆಗ್ಲೇ ಏಂಗೆದಿ ಅನ್ನೋ ಊರು ಮುಟ್ಟಾಯ್ತು ಅಂತ ಅವನಿಗೆ ಸುದ್ದಿ ಬರ್ತದೆ. ಅವನು ಹೆದರಿದ ಅಂತ ಅಲ್ಲಿ ನೇರವಾಗೇ ಬರೆದಿದೆ. ಅಷ್ಟು ಸಾಕು ನಮ್ಗೆ. ಹೆದರಿಕೆ ಆಗ್ತಿದೆ ಅಂತ ಮೊದ್ಲು ಒಪ್ಕೊಳ್ಳಿ, ಅದು ವಿಶ್ವಾಸ ಇಲ್ಲದಕ್ಕೆ ಬಂದಿದ್ದಲ್ಲ.

ಆಮೇಲೆ ಅವನು ಒಬ್ನೇ ಕೂತು ಕೊರಗಲಿಲ್ಲ, ಉಪವಾಸ ಸಾರಿದ, ಜನ ಎಲ್ಲ ಸೇರಿದ್ರು, ಹೆಂಡ್ತಿ ಮಕ್ಕಳು ಕೂಸುಗಳ ಸಮೇತ ಎಲ್ರೂ ದೇವರ ಮುಂದೆ ನಿಂತ್ಕೊಂಡ್ರು ಅಂತದೆ. ಈ ಜಾಗ ಓದಿದಾಗ ನಂಗೆ ಚುಚ್ಚಿತು, ಯಾಕಂದ್ರೆ ಸಾಲ ಒಟ್ಟು ಎಷ್ಟಿದೆ ಅಂತ ನಾನು ನಮ್ಮನೆಯವ್ಳಿಗೆ ಹೇಳೇ ಇರ್ಲಿಲ್ಲ. ಅವತ್ತು ರಾತ್ರಿ ಊಟ ಆದ್ಮೇಲೆ ಪಾಸ್‌ಬುಕ್ಕು, ಆಸ್ಪತ್ರೆ ಬಿಲ್ಲು ಎಲ್ಲ ಚಾಪೆ ಮೇಲೆ ಹರಡಿ ತೋರಿಸ್ದೆ, ಅವಳು ಸುಮಾರು ಹೊತ್ತು ಮಾತಾಡ್ಲಿಲ್ಲ, ಆಮೇಲೆ ಇಬ್ರೂ ಮಂಡಿ ಊರಿದ್ವಿ. ಮಲೆನಾಡಲ್ಲಿ ಮನೆ ಮನೆ ಮಧ್ಯೆ ಒಂದೊಂದು ಗುಡ್ಡ ಇರ್ತದೆ, ಮಳೆ ಹಿಡ್ಕೊಂಡ್ರೆ ಕರೆಂಟಿಲ್ಲ ನೆಟ್‌ವರ್ಕಿಲ್ಲ, ಇಂಥ ಕಡೆ ಕಷ್ಟ ಮುಚ್ಚಿಟ್ಕೊಳ್ಳೋದು ತುಂಬಾ ಸುಲಭ. ಮುಚ್ಚಿಡ್ಬೇಡಿ. ಮನೇಲಿ ಹೇಳಿ, ಸಭೇಲಿ ನಂಬಿಕಸ್ತರು ಒಬ್ರಿಗೆ ಹೇಳಿ, ಊರಿಗೆಲ್ಲ ಸಾರೋದು ಬೇಡ.

ಪ್ರಾರ್ಥನೆ ಹೇಗೆ ಮಾಡೋದು? ಅವನ ಪ್ರಾರ್ಥನೆ ನೋಡಿ, ಮೊದ್ಲು ದೇವರು ಹಿಂದೆ ಮಾಡಿದ್ದನ್ನ ನೆನಪಿಸ್ತಾನೆ, ಆಮೇಲೆ 12ನೇ ವಚನದಲ್ಲಿ ಇಷ್ಟೇ: ನಮ್ಗೆ ಬಲ ಇಲ್ಲ, ಏನು ಮಾಡ್ಬೇಕೋ ಗೊತ್ತಿಲ್ಲ, ಕಣ್ಣು ಮಾತ್ರ ನಿನ್ ಕಡೆಗಿದೆ. ರಾಜ ಆದೋನು ಪ್ರಜೆಗಳ ಎದುರಿಗೇ ಗೊತ್ತಿಲ್ಲ ಅಂತಾನೆ! ನೀವೂ ಹಾಗೇ ಮಾಡಿ, ಒಂದು ನೋಟ್‌ಬುಕ್ ತಗೊಂಡು ಕರ್ತನು ಹಿಂದೆ ದಾಟಿಸಿದ ಎರಡು ಮೂರು ಕಷ್ಟ ಬರೀರಿ. ನಾನು ಬರೆದಿದ್ದು ಅಡಿಕೆಗೆ ಕೊಳೆ ರೋಗ ಬಂದು ಪೂರ್ತಿ ಫಸಲು ಉದುರಿದ ವರ್ಷ ಅಜ್ಜಿ ಮನೆ ನಡೆಸಿದ್ದು.

ಆಮೇಲೆ ಉತ್ತರ ಬಂತು, ಈ ಯುದ್ಧ ನಿಮ್ದಲ್ಲ ದೇವರದು ಅಂತ. ಆದ್ರೂ ಮನೇಲಿ ಕೂತಿರಿ ಅನ್ಲಿಲ್ಲ, ನಾಳೆ ಎದುರಿಗೆ ಹೋಗಿ ಅಂತ ಹೇಳಿದ್ದು. ಬೆಳಿಗ್ಗೆ ಬೇಗ ಎದ್ದು ತೆಕೋವದ ಕಾಡಿಗೆ ಹೊರಟ್ರು, ಸೈನಿಕರ ಮುಂದೆ ಹಾಡೋರು. ನಮ್ ಕಡೆ ಕೊಳೆ ಬರದಿರ್ಲಿ ಅಂತ ಎಷ್ಟೇ ಪ್ರಾರ್ಥನೆ ಮಾಡಿದ್ರೂ ಮಳೆ ಹಿಡಿಯೋ ಮುಂಚೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕಲಸಿ ಅಡಿಕೆ ಗೊನೆಗೆ ಹೊಡೆಸೇ ಹೊಡೆಸ್ತೀವಲ್ಲ, ಹಾಗೇ ಇದೂ. ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಹತ್ರ ಟೈಮ್ ಕೇಳಿ, ಡಾಕ್ಟರ್ ಕೊಟ್ಟ ಮಾತ್ರೆ ಪ್ರಾರ್ಥನೆ ಮಾಡಿದೀವಿ ಅಂತ ನಿಲ್ಲಿಸ್ಬೇಡಿ. ದಿನಕ್ಕೆ ಒಂದೇ ಕೆಲಸ ಇಟ್ಕೊಳ್ಳಿ, ಹೊರಡೋ ಮುಂಚೆ ಒಂದು ಹಾಡು ಹೇಳಿ, ಗಂಟಲು ಕಟ್ಟಿದ್ರೂ ಪರವಾಗಿಲ್ಲ.

ಏಳೋಕೇ ಆಗ್ತಿಲ್ಲ ಅಂದ್ರೆ ಮೊದ್ಲು ಊಟ ಮಾಡಿ, ಮಲಗಿ. ಬೈಬಲ್‌ನ ಪ್ರವಾದಿ ಎಲೀಯ, ಸಾಕಪ್ಪ, ನನ್ ಪ್ರಾಣ ತಗೋ ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಬೈಲಿಲ್ಲ, ಉಪದೇಶನೂ ಮಾಡ್ಲಿಲ್ಲ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ, ಎರಡು ಸಲ. ನಿಮಗೂ ಸಾಯೋ ಯೋಚನೆ ಬರ್ತಿದ್ರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿನೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು.

ಒಂದು ಮಾತು ಹೇಳ್ಲೇಬೇಕು. ಯೆಹೋಷಾಫಾಟನ ಶತ್ರುಗಳು ಅವರವರೇ ಹೊಡೆದಾಡಿ ಸತ್ರು, ನಮ್ ಅಪ್ಪನ ಬಲಗೈ ಇನ್ನೂ ಎದ್ದಿಲ್ಲ. ಅಪೊಸ್ತಲ ಪೌಲನೂ ಮೈಯಲ್ಲಿ ಮುಳ್ಳಿನ ಹಾಗೆ ಕಾಡ್ತಿದ್ದ ಒಂದು ಕಷ್ಟ ಹೋಗ್ಲಿ ಅಂತ ಮೂರು ಸಲ ಬೇಡ್ಕೊಂಡ, ಆ ಮುಳ್ಳು ಹೋಗ್ಲಿಲ್ಲ, ನನ್ನ ಕೃಪೆ ನಿನಗೆ ಸಾಕು ಅನ್ನೋ ಉತ್ತರ ಬಂತು. ಅದಕ್ಕೇ ಗುಣ ಆಗದೆ ಇರೋರ ಮುಂದೆ ನಿಮ್ ವಿಶ್ವಾಸ ಸಾಲ್ದು ಅಂತ ದಯವಿಟ್ಟು ಯಾರೂ ಹೇಳ್ಬೇಡಿ. ನಮ್ಗೆ ಒಬ್ರು ಹಾಗೆ ಹೇಳಿದ್ರು, ಅಮ್ಮ ಎರಡು ಭಾನುವಾರ ಚರ್ಚಿಗೇ ಬರ್ಲಿಲ್ಲ.

ಇವತ್ತು ರಾತ್ರಿ ಆ 12ನೇ ವಚನ ಜೋರಾಗಿ ಓದಿ. ಎರಡು ಮೂರು ದಿನ ಓದಿದ್ರೆ ಬಾಯಿಗೆ ಬರ್ತದೆ, ಆಮೇಲೆ ಕರೆಂಟ್ ಹೋದಾಗ್ಲೂ ಆಸ್ಪತ್ರೆ ಕಾರಿಡಾರಲ್ಲಿ ಕೂತಾಗ್ಲೂ ಹೇಳ್ಕೊಬಹುದು.