ನಲವತ್ತು ದಾಟಿದ ಮೇಲೆ ಮತ್ತೆ ಓಡುವವರಿಗೆ

ಎಲ್ಲರಿಗೂ ನಮಸ್ಕಾರ. ಮಳೆ ನಿಂತ ಮೇಲೆ ನಮ್ಮ ಚಿಕ್ಕಮಗಳೂರಿನ ರತ್ನಗಿರಿ ಬೋರೆ ಕಡೆ ತುಂಬ ಜನ ಹೊಸದಾಗಿ ಓಡುತ್ತಿದ್ದಾರೆ. ನೋಡಿ ಖುಷಿಯಾಯ್ತು. ವಯಸ್ಸಾದ ಮೇಲೆ ಶುರು ಮಾಡಿದವರಿಗೆ ಒಂದು ಮಾತು.

ಉಸಿರು ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತದೆ. ಮೂಳೆಗೆ, ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿಗೆ ತಿಂಗಳುಗಟ್ಟಲೆ ಬೇಕು. ಇದು ಗೊತ್ತಿಲ್ಲದೆ, 48ನೇ ವಯಸ್ಸಿನಲ್ಲಿ, ದಮ್ಮು ಚೆನ್ನಾಗಿದೆ ಅಂತ ಮೂರನೇ ವಾರದಿಂದಲೇ ದಿನಾ ಓಡಿದೆ. ಒಂದು ಬೆಳಿಗ್ಗೆ ಮಂಚದಿಂದ ಇಳಿದು ಕಾಲೂರಿದರೆ ಹಿಮ್ಮಡಿ ಚಳಕ್ ಅಂತ ಹಿಡಿಯಿತು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದೆ. ಎರಡು ತಿಂಗಳು ಓಟ ನಿಂತಿತು.

ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ 20 ನಿಮಿಷದಿಂದ ಶುರು ಮಾಡಿದೆ. ವಾರಕ್ಕೆ ಮೂರೇ ದಿನ, ನಡುವೆ ಬಿಡುವು. ಓಡುತ್ತಲೇ ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು. ಆಗದಿದ್ದರೆ ವೇಗ ಜಾಸ್ತಿ ಆಯ್ತು ಅಂತಲೇ ಅರ್ಥ.

ನಮ್ಮೂರಲ್ಲಿ ಏರಿಳಿತ ಜಾಸ್ತಿ ಅಲ್ವಾ? ಏರು ಹತ್ತುವಾಗ ಎಲ್ಲರೂ ಹುಷಾರಾಗಿರುತ್ತಾರೆ. ತೊಂದರೆ ಇರುವುದು ಇಳಿಯುವಾಗ. ತೊಡೆಯ ಸ್ನಾಯು ಮೈಭಾರವನ್ನೆಲ್ಲ ತಡೆದು ಹಿಡಿಯಬೇಕು, ಮಂಡಿಗೂ ಹೊಡೆತ ಬೀಳುತ್ತದೆ. ಮೊದಲ ಎರಡು ತಿಂಗಳು ಇಳಿಜಾರನ್ನು ನಡೆದೇ ಇಳಿಯಿರಿ. ಓಡೋದಕ್ಕೆ ಸಮತಟ್ಟಾದ ಮೈದಾನ ಹುಡುಕಿಕೊಳ್ಳಿ.

ಶುಗರ್, ಬಿಪಿ ಇರುವವರು ಮೊದಲು ಡಾಕ್ಟರಿಗೆ ತೋರಿಸಿ. ಓಡುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗ್ಯಾಸ್ ಇರಬೇಕು ಅಂತ ಸುಮ್ನೆ ಬಿಡಬೇಡಿ.