ಪರದೆ ತೆಗೆದ ಮೇಲೆ: ಗೇಮ್ ಮಾಸ್ಟರ್ ಆಗಿ ನನ್ನ ಅನುಭವ

ಬಸವನಗುಡಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಭಾನುವಾರಗಳಂದು ನಾವು ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ನಾಲ್ವರು ಒಂದೊಂದು ಪಾತ್ರ ವಹಿಸುತ್ತಾರೆ. ಆ ಪಾತ್ರಗಳು ಓಡಾಡುವ ಲೋಕವನ್ನೂ ಅಲ್ಲಿನ ಉಳಿದೆಲ್ಲ ಜನರನ್ನೂ, ಪ್ರಾಣಿಗಳನ್ನೂ, ರಾಕ್ಷಸರನ್ನೂ ಗೇಮ್ ಮಾಸ್ಟರ್ ಆಗಿ ನಾನು ನಡೆಸುತ್ತೇನೆ. ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಆಟಗಾರರು ಹೇಳುತ್ತಾರೆ, ಅದರ ಫಲ ಏನಾದೀತೆಂದು ಖಚಿತವಿಲ್ಲದ ಕಡೆ ದಾಳ ಉರುಳಿಸುತ್ತೇವೆ. ಆಟದ ಸ್ವರೂಪ ಇಷ್ಟೇ ಆದರೂ, ಒಂದೇ ಮೇಜಿಗೆ ಕುಳಿತ ನಾಲ್ವರು ಅದರಿಂದ ನಾಲ್ಕು ಬೇರೆ ಸಂತೋಷಗಳನ್ನು ಬಯಸುತ್ತಾರೆ ಎಂಬುದು ನನಗೆ ಅರ್ಥವಾಗಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ನಮ್ಮ ಮೇಜಿನ ಒಬ್ಬ ಆಟಗಾರ ನನ್ನ ಅಕ್ಕನ ಮಗ, ಇಂಜಿನಿಯರಿಂಗ್ ವಿದ್ಯಾರ್ಥಿ. ಯುದ್ಧದಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಯಾವ ಏಟಿಗೆ ಎಷ್ಟು ಹಾನಿ ಎಂಬುದನ್ನು ಲೆಕ್ಕ ಹಾಕಿ ಗೆಲ್ಲುವುದೇ ಅವನಿಗೆ ಆಟ. ಇನ್ನೊಬ್ಬರು ಶಿರಸಿ ಕಡೆಯ ಗೆಳೆಯರು, ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು. ಅವರಿಗೆ ಮಾತು ಮುಖ್ಯ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಗೆಳತಿಗೆ ತನ್ನ ಪಾತ್ರದ ಬದುಕು, ಅದರ ತಾಯಿ, ಅದು ಬಿಟ್ಟು ಬಂದ ಊರು, ಅದು ತೀರಿಸಬೇಕಾದ ಋಣ ಇವೆಲ್ಲ ಮುಖ್ಯ. ನಾಲ್ಕನೆಯವರು ನನ್ನ ಸಹೋದ್ಯೋಗಿ, ಮಿತಭಾಷಿ. ಯಾರೂ ನೋಡದ ಬಾಗಿಲನ್ನು ತೆರೆದು ನೋಡುವುದು ಅವರ ಸಂತೋಷ.

ಮೊದಲ ಆರು ತಿಂಗಳು ನಾನು ಕಥೆ ಬರೆದುಕೊಂಡು ಬರುತ್ತಿದ್ದೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಪಾಳೆಯಗಾರರ ಸೀಮೆಯನ್ನು ಕಟ್ಟಿ, ಯಾವ ಸುತ್ತಿನಲ್ಲಿ ಯಾರು ಎದುರಾಗುತ್ತಾರೆ, ದ್ರೋಹ ಯಾವಾಗ ಬಯಲಾಗುತ್ತದೆ, ಕೊನೆಯ ಯುದ್ಧ ಎಲ್ಲಿ ನಡೆಯುತ್ತದೆ ಎಂದು ಇಪ್ಪತ್ತು ಪುಟ ಬರೆದಿದ್ದೆ. ಆಟಗಾರರು ಕೋಟೆಗೆ ಹೋಗದೆ ದಾರಿಯಲ್ಲಿ ಸಿಕ್ಕ ದರೋಡೆಕೋರರ ಜೊತೆ ಒಪ್ಪಂದ ಮಾಡಿಕೊಳ್ಳಲು ಹೊರಟರು. ನಾನು ಸೇತುವೆ ಕೊಚ್ಚಿಕೊಂಡು ಹೋಗಿದೆ ಎಂದೆ, ಅವರು ಕಾಡಿನ ದಾರಿ ಹಿಡಿದಾಗ ಕಾಡಿನಲ್ಲಿ ಬೆಂಕಿ ಬಿದ್ದಿದೆ ಎಂದೆ. ಮೂರನೆಯ ಸಲ ಅವರೇ ಸುಮ್ಮನಾಗಿ ಕೋಟೆಯ ಕಡೆ ತಿರುಗಿದರು. ಆ ಸಂಜೆ ಮೇಜಿನ ಮೇಲೆ ಆವರಿಸಿದ ಮೌನವನ್ನು ಒಪ್ಪಿಗೆ ಎಂದು ತಿಳಿದದ್ದು ನನ್ನ ತಪ್ಪು.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ನಡೆಯಿತು. ನಾವು ಆಡುವುದು 2014ರಲ್ಲಿ ಬಂದ ಐದನೆಯ ಆವೃತ್ತಿ. ಅದರಲ್ಲಿ ಏಟು ಬೀಳಬೇಕಾದರೆ ಇಪ್ಪತ್ತು ಮುಖದ ದಾಳ ಉರುಳಿಸಿ, ಹೊಡೆಯುವವನ ಬಲವನ್ನು ಕೂಡಿಸಿ, ಎದುರಾಳಿಯ ಕವಚದ ಅಂಕಿಯನ್ನು ಮುಟ್ಟಬೇಕು. ಅಕ್ಕನ ಮಗನ ಯೋಧನ ಕವಚ 18, ರಾಕ್ಷಸನ ಬಲ 6. ಅಂದರೆ ದಾಳದಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಏಟು. ಯೋಧನ ಬಳಿ ಉಳಿದಿದ್ದ ಪ್ರಾಣಬಲ 4. ನಾನು ರಟ್ಟಿನ ಪರದೆಯ ಹಿಂದೆ ದಾಳ ಹಾಕಿದೆ. 17 ಬಿತ್ತು. "ಐದು, ತಪ್ಪಿಹೋಯಿತು" ಎಂದೆ. ಅವನು ಮುಂದಿನ ಸರದಿಯಲ್ಲಿ ರಾಕ್ಷಸನನ್ನು ಕೆಡವಿದ, ಎಲ್ಲರೂ ಚಪ್ಪಾಳೆ ತಟ್ಟಿದರು.

ಚುರುಮುರಿಯ ತಟ್ಟೆ ತೆಗೆದುಕೊಳ್ಳಲು ನನ್ನ ಪಕ್ಕಕ್ಕೆ ಬಂದವನು ಆ ದಾಳವನ್ನು ನೋಡಿದ್ದನಂತೆ. ಅಲ್ಲಿ ಏನೂ ಹೇಳಲಿಲ್ಲ. ರಾತ್ರಿ ಅವನನ್ನು ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದವರೆಗೆ ಬಿಡಲು ನಡೆದು ಹೋಗುವಾಗ ಕೇಳಿದ: "ಮಾಮ, ಇವತ್ತು ನಾನು ಗೆದ್ದಿದ್ದಾ, ನೀನು ಗೆಲ್ಲಿಸಿದ್ದಾ?" ಹಿಂದಿನ ಗೆಲುವುಗಳನ್ನೂ ಅವನು ಒಂದೊಂದಾಗಿ ನೆನಪಿಸಿಕೊಂಡು, ಅವುಗಳಲ್ಲಿ ಎಷ್ಟು ನಿಜ ಎಂದು ಕೇಳುತ್ತಾ ಹೋದ. ಉಳಿದ ಗೆಲುವುಗಳೆಲ್ಲ ಅವನವೇ ಆಗಿದ್ದವು, ಆದರೆ ಅದನ್ನು ಅವನು ನಂಬುವಂತೆ ಹೇಳುವ ಹಕ್ಕನ್ನು ನಾನು ಕಳೆದುಕೊಂಡಿದ್ದೆ. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಈ ಆವೃತ್ತಿಯಲ್ಲಿ ಪ್ರಾಣಬಲ ಶೂನ್ಯಕ್ಕೆ ಇಳಿದ ಕೂಡಲೇ ಪಾತ್ರ ಸಾಮಾನ್ಯವಾಗಿ ಸಾಯುವುದಿಲ್ಲ. ತನ್ನ ಸರದಿ ಬಂದಾಗಲೆಲ್ಲ ದಾಳ ಹಾಕಬೇಕು, 10 ಅಥವಾ ಮೇಲೆ ಬಿದ್ದರೆ ಒಂದು ಗೆಲುವು, ಕೆಳಗೆ ಬಿದ್ದರೆ ಒಂದು ಸೋಲು, ಮೂರು ಸೋಲಾದರೆ ಮರಣ. ಅಷ್ಟರೊಳಗೆ ಜೊತೆಗಾರರು ಬಂದು ಉಳಿಸಬಹುದು. ಇಷ್ಟು ದಯೆಯನ್ನು ನಿಯಮವೇ ಇಟ್ಟಿರುವಾಗ ನಾನು ಅದನ್ನೂ ನಂಬಲಿಲ್ಲ, ನನ್ನ ಆಟಗಾರರನ್ನೂ ನಂಬಲಿಲ್ಲ.

ಮುಂದಿನ ವಾರ ಪರದೆಯನ್ನು ತೆಗೆದು ಬೀರುವಿನ ಮೇಲಿಟ್ಟೆ. ಈ ಆಟ ಹುಟ್ಟಿದ್ದು ಯುದ್ಧದಾಟಗಳ ಗರ್ಭದಿಂದ ಎಂಬುದು ಆಗ ನನಗೆ ಧೈರ್ಯ ಕೊಟ್ಟಿತ್ತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದಾಗ, ಮೇಜಿನ ತುದಿಯಲ್ಲಿ ಕೂರುವವನು ಪಕ್ಷ ವಹಿಸದ ತೀರ್ಪುಗಾರನಾಗಿದ್ದ. ಅಂಪೈರ್ ಆದವನು ಚೆಂಡನ್ನು ತಿರುಗಿಸುವುದಿಲ್ಲ, ನಾನೂ ತಿರುಗಿಸಬಾರದು ಎಂದುಕೊಂಡೆ.

ಆದರೆ ಅದೂ ಪೂರ್ತಿ ಸರಿಯಾಗಲಿಲ್ಲ. ಎರಡು ತಿಂಗಳ ನಂತರ ಒಂದು ಪಾಳುಮನೆಯ ನೆಲಮಾಳಿಗೆಯಲ್ಲಿ ಗೆಳತಿಯ ಪಾತ್ರ ಬಿತ್ತು. ಉಳಿದವರು ಎರಡು ಕೋಣೆ ಆಚೆ ಇದ್ದರು. ಎಲ್ಲರ ಕಣ್ಣೆದುರಿಗೇ 7, 4, 9 ಬಿದ್ದವು. ಎಂಟು ತಿಂಗಳು ಪೆನ್ಸಿಲಿನಲ್ಲಿ ಬರೆದು ಅಳಿಸಿ ಮಾಸಿಹೋಗಿದ್ದ ಪಾತ್ರದ ಹಾಳೆಯನ್ನು ಅವರು ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡರು. "ನಿಯಮ ಸರಿಯಾಗೇ ಇದೆ. ಆದರೆ ದಿನಾ ವಾರ್ಡಿನಲ್ಲಿ ಇದನ್ನೇ ನೋಡ್ತೀನಿ, ಇಲ್ಲಿಗೆ ಬರೋದು ಇದಕ್ಕಲ್ಲ" ಎಂದಷ್ಟೇ ಹೇಳಿದರು. ಅಕ್ಕನ ಮಗನಿಗೆ ನ್ಯಾಯವಾದದ್ದು ಅವರಿಗೆ ನ್ಯಾಯವಾಗಲಿಲ್ಲ.

ಈ ತೊಡಕನ್ನು ಬಿಡಿಸಿಕೊಳ್ಳಲು ದಾರಿ ತೋರಿಸಿದವರು ಶಿರಸಿಯ ಗೆಳೆಯರು. ತಾಳಮದ್ದಳೆಗೆ ಬಂದು ಕೂತವರಿಗೆಲ್ಲ ಪ್ರಸಂಗ ಗೊತ್ತಿರುತ್ತದೆ, ಕರ್ಣ ಸಾಯುತ್ತಾನೆ ಎಂಬುದೂ ಗೊತ್ತಿರುತ್ತದೆ. ಆದರೂ ಅವನು ಶಲ್ಯನಿಗೆ ಏನು ಹೇಳುತ್ತಾನೆ, ಕೃಷ್ಣನಿಗೆ ಏನು ಉತ್ತರ ಕೊಡುತ್ತಾನೆ ಎಂಬುದು ಗೊತ್ತಿರುವುದಿಲ್ಲವಾದ್ದರಿಂದಲೇ ಜನ ಬೆಳಗಿನವರೆಗೂ ಕೂರುತ್ತಾರೆ ಎಂದು ಅವರು ವಿವರಿಸಿದರು. ಆ ಮಾತಿನಿಂದ ನನಗೆ ಹೊಳೆದದ್ದು ಇದು: ಆಟಗಾರರ ಅಭಿರುಚಿಗಳು ಬೇರೆಯಾಗುವುದು, ಯಾವುದು ಮೊದಲೇ ತಿಳಿದಿರಬಾರದು ಎಂಬ ವಿಷಯದಲ್ಲಿ. ಅಕ್ಕನ ಮಗನಿಗೆ ಗೆಲುವು ಸೋಲು ತಿಳಿದಿರಬಾರದು. ಅರ್ಥಧಾರಿಗೆ ಅದು ತಿಳಿದಿದ್ದರೂ ಅಡ್ಡಿಯಿಲ್ಲ, ಮಾತು ತಿಳಿದಿರಬಾರದು. ಗೆಳತಿಗೆ ತನ್ನ ಪಾತ್ರ ಬದುಕುತ್ತದೆ ಎಂಬ ಭರವಸೆ ಬೇಕು, ಬದುಕಿ ಎಂಥ ಮನುಷ್ಯಳಾಗುತ್ತಾಳೆ ಎಂಬುದು ತಿಳಿದಿರಬಾರದು. ಸಹೋದ್ಯೋಗಿಗೆ ಬಾಗಿಲ ಆಚೆ ಏನಿದೆ ಎಂಬುದು ತಿಳಿದಿರಬಾರದು, ಮತ್ತು ಅದು ಅವರು ಬಾಗಿಲು ತೆರೆದ ಮೇಲೆ ನಾನು ಕಲ್ಪಿಸಿದ್ದಾಗಿರಬಾರದು.

ಆದ್ದರಿಂದ ಹೊಸ ಕಥೆ ಆರಂಭಿಸುವ ಮುನ್ನ ಒಂದು ಭಾನುವಾರವನ್ನು ಆಡದೆ, ಮಾತಿಗೇ ಮೀಸಲಿಟ್ಟೆವು. ಬೇರೆ ತಂಡಗಳವರು ಇದನ್ನು ಸೆಷನ್ ಜೀರೊ ಎನ್ನುತ್ತಾರೆ. ದಾಳ ಎಲ್ಲರೆದುರಿಗೆ, ಬಿದ್ದದ್ದು ಬಿದ್ದ ಹಾಗೆಯೇ. ಮರಣದ ವಿಷಯದಲ್ಲಿ ಮಾತ್ರ ಪ್ರತಿ ಆಟಗಾರರೂ ತಮ್ಮ ಪಾತ್ರದ ಮಟ್ಟಿಗೆ ಮೊದಲೇ ನಿರ್ಧರಿಸಿ ಹಾಳೆಯ ಮೇಲೆ ಬರೆದಿಡುತ್ತಾರೆ. ಮೂರು ಸೋಲು ಬಿದ್ದಾಗ ಗೆಳತಿಯ ಪಾತ್ರ ಸಾಯುವುದಿಲ್ಲ, ಬದಲಿಗೆ ಮತ್ತೆ ಸಿಗದಂಥ ಒಂದನ್ನು, ಒಂದು ಕಣ್ಣನ್ನೋ ಒಬ್ಬ ಬಂಧುವನ್ನೋ ಕಳೆದುಕೊಳ್ಳುತ್ತದೆ. ಅಕ್ಕನ ಮಗ "ಸಾಯುತ್ತಾನೆ" ಎಂದು ದಪ್ಪಕ್ಷರದಲ್ಲಿ ಬರೆದ. ಒಂದೇ ಮೇಜಿನಲ್ಲಿ ಎರಡು ನಿಯಮ ನಡೆಯುತ್ತದೆಯೇ ಎಂಬ ಅಳುಕು ನನಗಿತ್ತು. ನಡೆಯುತ್ತಿದೆ, ಏಕೆಂದರೆ ಎರಡೂ ಎಲ್ಲರಿಗೂ ಗೊತ್ತಿವೆ.

ಮಾತಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಹಿಂದೆ ಒಮ್ಮೆ ಅರ್ಥಧಾರಿ ಗೆಳೆಯರು ಪಾಳೆಯಗಾರನ ಎದುರು ಸುದೀರ್ಘವಾಗಿ, ಎಲ್ಲರೂ ಉಸಿರು ಬಿಗಿಹಿಡಿದು ಕೇಳುವಂತೆ ವಾದಿಸಿದ ಮೇಲೆ ನಾನು ದಾಳ ಹಾಕಿಸಿದ್ದೆ. 3 ಬಿತ್ತು, ಪಾಳೆಯಗಾರ ಒಪ್ಪಲಿಲ್ಲ. "ಅರ್ಥ ಹೇಳಿ ಮುಗಿಸಿದ ಮೇಲೆ ಕವಡೆ ಹಾಕಿ ನೋಡುವುದಾದರೆ ಅರ್ಥ ಯಾಕೆ ಬೇಕಿತ್ತು?" ಎಂದು ಅವರು ನೊಂದುಕೊಂಡರು. ಹಾಗೆಂದು ದಾಳವನ್ನೇ ಕೈಬಿಟ್ಟರೆ, ಮಾತಿನ ಮಲ್ಲಿಯಂಥ ಪಾತ್ರವನ್ನು ಆರಿಸಿಕೊಂಡ ಮಿತಭಾಷಿ ಸಹೋದ್ಯೋಗಿಗೆ ಅನ್ಯಾಯವಾಗುತ್ತದೆ. ಕತ್ತಿ ಬೀಸಲು ಬಾರದ ಹುಡುಗ ಯೋಧನಾಗಬಹುದಾದರೆ, ಹೆಚ್ಚು ಮಾತಾಡದವರು ವಾಗ್ಮಿಯಾಗಬಾರದೇ?

ಈಗ ನಾನು ಕ್ರಮವನ್ನು ತಿರುಗಿಸಿದ್ದೇನೆ. ಮಾತು ಆರಂಭವಾಗುವ ಮೊದಲೇ ಆರು ಮುಖದ ಎರಡು ದಾಳಗಳನ್ನು ಹಾಕಿ ಎದುರಿನವನ ಮನಃಸ್ಥಿತಿಯನ್ನು ತಿಳಿಯುತ್ತೇವೆ. ಆಟದ ಹಳೆಯ ಆವೃತ್ತಿಗಳಲ್ಲೇ ಇದ್ದ ಪದ್ಧತಿ ಇದು. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿಯೊಂದು ಅಂಕಿಗೂ ಇಪ್ಪತ್ತರಲ್ಲಿ ಒಂದೇ ಅವಕಾಶ. ಎರಡು ದಾಳ ಕೂಡಿಸಿದಾಗ ಹಾಗಲ್ಲ: 7 ಬೀಳಲು 36ರಲ್ಲಿ 6 ದಾರಿಗಳಿದ್ದರೆ, 2 ಅಥವಾ 12 ಬೀಳಲು ತಲಾ ಒಂದೇ ದಾರಿ. ಹೀಗಾಗಿ ಹೆಚ್ಚಿನ ಜನ ಅನುಮಾನದ ನಡುದಾರಿಯಲ್ಲಿರುತ್ತಾರೆ, ಕತ್ತಿ ಹಿರಿದು ಬರುವವರೂ ಬಾಚಿ ತಬ್ಬಿಕೊಳ್ಳುವವರೂ ಅಪರೂಪ. ಮನಃಸ್ಥಿತಿ ತಿಳಿದ ಮೇಲೆ ಅರ್ಥಧಾರಿ ಅದಕ್ಕೆ ತಕ್ಕಂತೆ ಮಾತು ಕಟ್ಟುತ್ತಾರೆ. ಸಹೋದ್ಯೋಗಿ "ಅವನ ಮಗಳ ಹೆಸರೆತ್ತಿ ಬೇಡಿಕೊಳ್ಳುತ್ತೇನೆ" ಎಂದು ಒಂದೇ ವಾಕ್ಯ ಹೇಳಿದರೆ ಸಾಕು. ನಾನು ತೂಗುವುದು ವಾದದ ತಿರುಳನ್ನು, ಉಚ್ಚಾರದ ಸೊಗಸನ್ನಲ್ಲ.

ಸಿದ್ಧತೆಯೂ ಬದಲಾಗಿದೆ. ಕಥೆಯ ಬದಲು ಒಂದು ಪುಟದ ಸನ್ನಿವೇಶ ಬರೆಯುತ್ತೇನೆ. ಈಗ ನಡೆಯುತ್ತಿರುವುದು ಒಂದು ಕೆರೆಯ ಕಥೆ. ಮೇಲಿನ ಊರಿನ ನೀರುಗಂಟಿ ತೂಬು ತೆಗೆಯುತ್ತಿಲ್ಲ, ಏಕೆಂದರೆ ತೂಬಿನೊಳಗೆ ಮೊಟ್ಟೆಯಿಟ್ಟ ನಾಗಿಣಿಗೆ ಅವನು ಮಾತು ಕೊಟ್ಟಿದ್ದಾನೆ. ಕೆಳಗಿನ ಊರಿನ ಪೈರು ಒಣಗುತ್ತಿದೆ, ಅಲ್ಲಿನ ಗೌಡ ಬಾಡಿಗೆ ಸೈನಿಕರನ್ನು ಕರೆಸಿದ್ದಾನೆ. ಆಟಗಾರರು ಏನೂ ಮಾಡದಿದ್ದರೆ ಐದನೆಯ ದಿನ ಸೈನಿಕರು ಏರಿ ಒಡೆಯುತ್ತಾರೆ. ಇಷ್ಟೇ. ಪರಿಹಾರ ನನ್ನ ಪುಟದಲ್ಲಿಲ್ಲ. ನಾಲ್ವರಿಗೂ ಅದರಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆ. ಕಡಲೆಕಾಯಿ ಪರಿಷೆಯ ವಾರ ಆ ಸೈನಿಕರ ಜಾಗದಲ್ಲಿ ಹುರಿದ ಕಡಲೆಕಾಯಿಗಳನ್ನು ಜೋಡಿಸಿ ಏರಿಯ ಮೇಲೆ ಯುದ್ಧ ಮಾಡಿದೆವು. ಕೆಡವಿದವರು ಕೆಡವಿದ್ದನ್ನು ಸುಲಿದು ತಿನ್ನಬೇಕೆಂಬುದು ಅಕ್ಕನ ಮಗನ ನಿಯಮ.

ಒಂದು ವಿಷಯದಲ್ಲಿ ಮಾತ್ರ ದಾಳವನ್ನು ಈಗಲೂ ಮರೆಯಲ್ಲಿಡಬೇಕಾಗುತ್ತದೆ. ನೆಲದಲ್ಲಿ ಟ್ರ್ಯಾಪ್ ಇದೆಯೇ ಎಂದು ಹುಡುಕಿದವರ ದಾಳದಲ್ಲಿ 2 ಬಿದ್ದದ್ದು ಕಂಡರೆ, ತಮಗೆ ಏನೋ ಕಾಣಲಿಲ್ಲ ಎಂಬುದು ಅವರಿಗೆ ಕಂಡುಬಿಡುತ್ತದೆ. ಸಹೋದ್ಯೋಗಿಯ ಸಂತೋಷ ಕೆಡುವುದು ಅಲ್ಲೇ. ಇದಕ್ಕೆ ಎಲ್ಲರೂ ಒಪ್ಪಿದ ಉಪಾಯ ಕಾಫಿ ಲೋಟ. ಆಟಗಾರರೇ ದಾಳವನ್ನು ಸ್ಟೀಲ್ ಲೋಟಕ್ಕೆ ಹಾಕಿ ಅಲ್ಲಾಡಿಸಿ ಮೇಜಿನ ಮೇಲೆ ಬೋರಲು ಹಾಕುತ್ತಾರೆ. ಅಂಚನ್ನು ಎತ್ತಿ ನಾನೊಬ್ಬನೇ ನೋಡಿ, ಅವರಿಗೆ ಕಂಡಷ್ಟನ್ನು ಹೇಳುತ್ತೇನೆ. ಲೋಟ ಹಾಗೆಯೇ ಇರುತ್ತದೆ, ನಾನು ಮತ್ತೆ ಮುಟ್ಟುವಂತಿಲ್ಲ. ಫಲ ಎದುರಾದ ಮೇಲೆ ಎಲ್ಲರೆದುರು ತೆರೆಯುತ್ತೇವೆ. ಕಳೆದ ಭಾನುವಾರ ಸಹೋದ್ಯೋಗಿ ತೂಬಿನ ಮೆಟ್ಟಿಲುಗಳನ್ನು ಹುಡುಕಿ ಬೋರಲು ಹಾಕಿದ ಲೋಟ ಒಂದು ಗಂಟೆಗೂ ಹೆಚ್ಚು ಕಾಲ ಮೇಜಿನ ನಡುವೆ ಇತ್ತು. ನಾಲ್ಕನೆಯ ಮೆಟ್ಟಿಲು ಕುಸಿದಾಗ ಅಕ್ಕನ ಮಗ ಎದ್ದು ನಿಂತು, ಎರಡೂ ಕೈಯಿಂದ ಲೋಟ ಎತ್ತಿದ. 2 ಬಿದ್ದಿತ್ತು.